ಆಮೆ ರಾಜಕುಮಾರನಾಗಲೇಬೇಕೆ?

ನಮ್ಮ ಕಡೆಯ ಜನಕ್ಕೆ ಒಂಟಿಯಾಗಿರುವ ಯಾವುದನ್ನೂ ನೋಡಿ ಸುಮ್ಮನಿರಲು ಆಗುವುದಿಲ್ಲ. ಒಂದು ಬೇವಿನ ಗಿಡ, ಒಂದು ಅರಳಿ ಗಿಡ ಪಕ್ಕಪಕ್ಕದಲ್ಲಿ ಬೆಳೆದರೆ ಸಾಕು, ಅವೆರಡರ ಒಪ್ಪಿಗೆಯನ್ನೂ ಕೇಳದೆ ಲಗ್ನ ಮಾಡಿ, ಸುತ್ತ ಕಟ್ಟೆ ಕಟ್ಟಿ, ಊರಿಗೆಲ್ಲ ಹುಗ್ಗಿ ಉಣಿಸಿಬಿಡುತ್ತಾರೆ. ದೀಪಾವಳಿಯಾದ ಮೇಲೆ ತುಳಸಿಗೆ ಲಗ್ನ, ಅದೂ ವರ್ಷಾ ವರ್ಷಾ, ಅದೇ ವರನ ಜೊತೆಗೇ. ಮಳೆ ಕೈಕೊಟ್ಟರೆ ಕಪ್ಪೆಗಳಿಗೆ ಅರಿಶಿನ ಹಚ್ಚುತ್ತಾರೆ, ಕತ್ತೆಗಳಿಗೆ ಬಾಸಿಂಗ ಕಟ್ಟುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ, ಐವತ್ತರ ಹತ್ತಿರ ಬಂದರೂ ಲಗ್ನವಾಗದೆ ಉಳಿದಿರುವುದು ಸಣ್ಣ ಸಾಧನೆಯಲ್ಲ. ಆದರೆ ಇದಕ್ಕೆ ಯಾರೂ ಶಾಲು ಹೊದಿಸಿ ಸನ್ಮಾನ ಮಾಡುವುದಿಲ್ಲ. ಅಫಜಲಪುರದಲ್ಲಿರುವ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿಯಂತೂ, ಕಪ್ಪೆಗೆ ಕೂಡಿಬಂದ ಯೋಗ ನಮ್ಮ ಶರಣಮ್ಮನಿಗೆ ಕೂಡಿಬರಲಿಲ್ಲವಲ್ಲ ಎಂದು, ನಾನು ಹಬ್ಬಕ್ಕೆ ಹೋದಾಗಲೆಲ್ಲ ಹೋಳಿಗೆ ಬಡಿಸುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಹಾಗಂತ ಹೋಳಿಗೆಗೆ ತುಪ್ಪ ಕಡಿಮೆ ಮಾಡುವವರಲ್ಲ, ಅದನ್ನೂ ಹೇಳಬೇಕು.

ಕೂಡಿಬರಲಿಲ್ಲ ಎನ್ನುವುದು ತಪ್ಪು. ಸಂಬಂಧಗಳು ಬಂದಿದ್ದವು. ಜೇವರ್ಗಿಯ ಒಬ್ಬ ಇಂಜಿನಿಯರು, ಅತನೂರಿನ ಒಬ್ಬ ಗೌಡರ ಮಗ, ಹೀಗೆ ಒಳ್ಳೆಯ ಮನೆಯವರೇ ಬಂದು ಚಹಾ, ಅವಲಕ್ಕಿ ಮುಗಿಸಿ ಹೋಗಿದ್ದರು. ನನಗೇ ಬೇಡವಾಗಿತ್ತು. ಯಾಕೆ ಬೇಡ ಎಂದು ಕೇಳಿದವರಿಗೆ ಹೇಳಲು ನನ್ನ ಹತ್ತಿರ ಒಂದು ಒಳ್ಳೆಯ ಕಥೆಯೂ ಇರಲಿಲ್ಲ. ಯಾರೂ ನನಗೆ ಮೋಸ ಮಾಡಿಲ್ಲ, ಯಾರಿಗಾಗಿಯೂ ನಾನು ಕಾಯುತ್ತಿಲ್ಲ, ಸನ್ಯಾಸದ ಹುಚ್ಚಂತೂ ಮೊದಲೇ ಇಲ್ಲ. ಒಮ್ಮೊಮ್ಮೆ ಒಬ್ಬ ಪ್ರಿಯಕರನನ್ನು ಹುಟ್ಟಿಸಿ, ಸೈನ್ಯಕ್ಕೆ ಸೇರಿಸಿ, ಗಡಿಯಲ್ಲಿ ಸಾಯಿಸಿಬಿಡೋಣ ಅನ್ನಿಸಿದ್ದುಂಟು. ಆಗ ಜನ ಪಾಪ ಎಂದು ಒಂದು ಸಲ ಮರುಗಿ ನನ್ನನ್ನು ನನ್ನ ಪಾಡಿಗೆ ಬಿಡುತ್ತಿದ್ದರು. ಕಾಲೇಜಿನ ದಿನಗಳಲ್ಲಿ ಗೆಳತಿಯರೆಲ್ಲ ಯಾರ್ಯಾರನ್ನೋ ನೆನೆಸಿಕೊಂಡು ಊಟ ಬಿಡುತ್ತಿದ್ದರು. ಅವರು ಬಿಟ್ಟ ಊಟವನ್ನೂ ನಾನೇ ಉಣ್ಣುತ್ತ, ನನಗೂ ಇದು ಬರುತ್ತದೆ ಎಂದು ಕಾದೆ. ದವಡೆಯ ಕೊನೆಯ ಹಲ್ಲು ಕೆಲವರಿಗೆ ತಡವಾಗಿ ಬರುತ್ತದಲ್ಲ, ಹಾಗೆ ಬಂದೀತು ಅಂದುಕೊಂಡೆ. ಹಲ್ಲು ಬಂತು, ನೋಯಿಸಿತು, ಆಳಂದದ ದಂತವೈದ್ಯರ ಕೈಯಲ್ಲಿ ಕಿತ್ತೂ ಹೋಯಿತು. ಇದು ಮಾತ್ರ ಬರಲೇ ಇಲ್ಲ.

ಇದರ ಜೊತೆಗೆ ಇನ್ನೊಂದಿದೆ, ಅದನ್ನು ಹೇಳಿದರೆ ವೈನಿ ಹೋಳಿಗೆಯನ್ನೂ ನಿಲ್ಲಿಸಿಯಾರು. ನಾನು ಹೆಣ್ಣು ಎಂಬುದು ಬೇರೆಯವರಿಗೆ ಗೊತ್ತಿರುವಷ್ಟು ಖಾತ್ರಿಯಾಗಿ ನನಗೆ ಯಾವತ್ತೂ ಗೊತ್ತಿಲ್ಲ. ಗಂಡು ಅನ್ನಿಸುತ್ತದೆಯೋ ಎಂದರೆ ಅದೂ ಇಲ್ಲ. ಬಸ್ಸು ಹತ್ತಿದಾಗ ಹೆಂಗಸರ ಸೀಟಿನಲ್ಲಿ ಕೂರುತ್ತೇನೆ, ಕೂರಲು ಹೇಳಿದ್ದಾರೆ, ಖಾಲಿ ಇದೆ, ಕೂತೆ, ಅಷ್ಟೆ. ಸೀರೆಯ ವಿಷಯವೂ ಹಾಗೆಯೇ. ಇದೆಲ್ಲ ನನ್ನೊಬ್ಬಳ ವಿಚಿತ್ರ ಎಂದು ಬಹಳ ವರ್ಷ ತಿಳಿದಿದ್ದೆ. ಆಮೇಲೆ ಒಂದು ದಿನ ಫೋನು ಇದಕ್ಕೆಲ್ಲ ಹೆಸರುಗಳಿವೆ ಎಂದು ಹೇಳಿತು: ಅಸೆಕ್ಷುಯಲ್, ಅರೊಮ್ಯಾಂಟಿಕ್, ಅಜೆಂಡರ್. ಮೈಯ ಆಸೆ ಇಲ್ಲದವರು, ಪ್ರೇಮದ ಸೆಳೆತ ಇಲ್ಲದವರು, ಗಂಡು ಹೆಣ್ಣು ಎಂಬುದೇ ಇಲ್ಲದವರು. ಮೂರು ಇಲ್ಲಗಳು. ನನಗಿಂತ ಮುಂಚೆಯೇ ಇಂಥವರಿದ್ದಾರೆ ಎಂದು ತಿಳಿದು ಖುಷಿಯಾಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ಸುತ್ತ ನೋಡಿದೆ. ಗ್ರಂಥಾಲಯದಲ್ಲಿ ನಾನು, ಕಪಾಟುಗಳು, ಒಂದು ಹಲ್ಲಿ.

ಹೌದು, ನಾನು ಮಾದನಹಿಪ್ಪರಗಾದ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ದಿನಾ ಆಳಂದದಿಂದ ಬಸ್ಸಿನಲ್ಲಿ ಬಂದು, ಬೀಗ ತೆಗೆದು, ಪೇಪರು ಜೋಡಿಸಿ ಇಡುತ್ತೇನೆ. ಬೆಳಗ್ಗೆ ಪೇಪರಿಗೆ ಜನ ಬರುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಬರುತ್ತಾರೆ, ಮಧ್ಯಾಹ್ನದ ಮೇಲೆ ಹಲ್ಲಿ ಬರುತ್ತದೆ. ಆ ಮಧ್ಯಾಹ್ನಗಳಲ್ಲಿ ನಮ್ಮ ಕಪಾಟಿನ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದೆ. ಸಂಸಾರದ ಕಾದಂಬರಿಗಳಲ್ಲಿ ನನ್ನಂಥವರು ಬಂದರೆ ಹಾಸ್ಟೆಲಿನ ವಾರ್ಡನ್ ಆಗಿ ಬರುತ್ತಾರೆ, ಹುಡುಗಿಯರ ಪತ್ರ ಹರಿಯುತ್ತಾರೆ, ಕೊನೆಯ ಪುಟದಲ್ಲಿ ಅಳುತ್ತಾರೆ. ಮಾಯಾಲೋಕದ ಕಥೆಗಳಲ್ಲಾದರೂ ಜಾಗ ಇದ್ದೀತು ಎಂದು ಆ ಕಪಾಟಿಗೆ ಹೋದೆ. ಅಲ್ಲಿ ಕುದುರೆಗೆ ರೆಕ್ಕೆ ಇದೆ, ಬೆಟ್ಟ ಮಾತಾಡುತ್ತದೆ, ಸತ್ತವರು ಎದ್ದು ಬಂದು ರಾಜ್ಯಭಾರ ಮಾಡುತ್ತಾರೆ. ಆದರೆ ಯಾರನ್ನೂ ಪ್ರೀತಿಸದವಳು ಕಂಡಳೆಂದರೆ ಅವಳ ಎದೆಯಲ್ಲಿ ಮಂಜುಗಡ್ಡೆ ಇರುತ್ತದೆ, ಇಲ್ಲವೇ ಅವಳನ್ನು ಯಾರೋ ಶಾಪ ಕೊಟ್ಟು ಕಲ್ಲು ಮಾಡಿರುತ್ತಾರೆ. ಒಂದು ಮುತ್ತು ಕೊಟ್ಟರೆ ನೆಟ್ಟಗಾಗುತ್ತಾಳೆ. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಜೀವ ಎಂದರೆ ದೆವ್ವ, ಇಲ್ಲವೇ ದೇವರು, ನಡುವೆ ಉಂಡುಟ್ಟು ಬದುಕುವವರು ಯಾರೂ ಇಲ್ಲ. ಬೆಂಕಿ ಉಗುಳುವ ಹಾವನ್ನು ಕೊಂದವನಿಗೆ ಅರ್ಧ ರಾಜ್ಯದ ಜೊತೆ ರಾಜಕುಮಾರಿಯನ್ನೂ ಕೊಟ್ಟೇ ಕಳಿಸುತ್ತಾರೆ, ನನಗೆ ರಾಜ್ಯ ಸಾಕು ಎನ್ನುವ ಹಕ್ಕು ಅವನಿಗಿಲ್ಲ. ರೆಕ್ಕೆಯ ಕುದುರೆಯನ್ನು ನಂಬುವ ಜನ ಇಷ್ಟನ್ನು ನಂಬುವುದಿಲ್ಲ.

ಕೊನೆಗೆ ನನ್ನಂಥ ಒಬ್ಬರನ್ನು ನೋಡಬೇಕಾದರೆ ನಾನೇ ಬರೆಯಬೇಕೆಂದು ಗೊತ್ತಾಯಿತು. ಕಥೆ ಹಾಕುವ ಒಂದು ಆ್ಯಪ್ ಇತ್ತು, ಅದರಲ್ಲಿ ಹೆಸರು ಮುಚ್ಚಿಟ್ಟು ಧಾರಾವಾಹಿ ಶುರು ಮಾಡಿದೆ. ನಿದ್ದೆಯನ್ನೆಲ್ಲ ಒಬ್ಬ ಪತಂಗರಾಜ ಕದ್ದೊಯ್ದ ದೇಶ. ಆ ನಿದ್ದೆಯನ್ನು ವಾಪಸು ತರಲು ಹೊರಟಿರುವ ಜೀವದ ಹೆಸರು ಜೊಂಡು. ಹೊಳೆಯ ದಂಡೆಯ ಜೊಂಡಿನಲ್ಲಿ ಹುಟ್ಟಿದ್ದು, ಗಂಡಲ್ಲ, ಹೆಣ್ಣಲ್ಲ, ಯಾರನ್ನೂ ಹುಡುಕಿಕೊಂಡು ಹೊರಟಿಲ್ಲ. ಹಾದಿಯ ಉದ್ದಕ್ಕೂ ಹೊಳೆಯಿದೆ. ಆ ಹೊಳೆಯಿಂದ ದಿನವೂ ಒಂದು ದೊಡ್ಡ ಆಮೆ ಎದ್ದು ಬರುತ್ತದೆ, ಹೆಸರು ಹಿರೇಬೆನ್ನು. ಜೊಂಡು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತದೆ, ಹಿರೇಬೆನ್ನು ತಾನು ತಂದ ನೀರುಸೊಪ್ಪಿನಲ್ಲಿ ಅರ್ಧ ಕೊಡುತ್ತದೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಉಣ್ಣುತ್ತಾರೆ. ಮಾತಿಲ್ಲ. ಆಮೇಲೆ ಆಮೆ ನೀರಿಗೆ, ಜೊಂಡು ಹಾದಿಗೆ. ಯುದ್ಧ, ಮಂತ್ರ, ಪತಂಗಗಳ ಸೈನ್ಯ ಎಲ್ಲ ಬರೆದೆನಾದರೂ ನಿಜ ಹೇಳಬೇಕೆಂದರೆ ಈ ಊಟವನ್ನು ಬರೆಯಲೆಂದೇ ಉಳಿದದ್ದನ್ನೆಲ್ಲ ಬರೆಯುತ್ತಿದ್ದೆ.

ಓದುಗರು ಬಂದರು. ಮೊದಲು ಜೊಂಡು ಹುಡುಗನೋ ಹುಡುಗಿಯೋ ಎಂದು ಕೇಳಿದರು. ಜೊಂಡು ಜೊಂಡೇ ಎಂದು ಬರೆದೆ. ಹಾಗಾದರೆ ಕೊನೆಯಲ್ಲಿ ಗೊತ್ತಾಗುತ್ತದೆ ಎಂದು ಅವರಷ್ಟಕ್ಕೆ ಅವರೇ ಸಮಾಧಾನ ಮಾಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಆಮೆಯ ಮೇಲೆ ಬಿತ್ತು. ಆಮೆ ಶಾಪಗ್ರಸ್ತ ರಾಜಕುಮಾರ ತಾನೇ, ಯಾವ ಅಧ್ಯಾಯದಲ್ಲಿ ರೂಪ ಬರುತ್ತದೆ, ಚಿಪ್ಪು ಒಡೆದರೆ ಒಳಗೆ ಯಾರಿರುತ್ತಾರೆ, ಬೇಗ ಮಾಡಿ, ನಮ್ಮ ಮನೆಯಲ್ಲಿ ಅತ್ತೆಯೂ ಕೇಳುತ್ತಿದ್ದಾರೆ. ಒಬ್ಬರಂತೂ ಜೊಂಡಿನ ಮದುವೆಗೆ ಸೀರೆಯ ಬಣ್ಣವನ್ನೂ ಆರಿಸಿ ಬರೆದಿದ್ದರು. ಆಮೆ ಆಮೆಯಾಗಿಯೇ ಇದ್ದರೆ ಯಾರ ಗಂಟು ಹೋಗುತ್ತದೆ ಎಂದು ನಾನು ಹಲ್ಲಿಯ ಮುಂದೆ ಕೂಗಾಡಿದೆ. ಹಲ್ಲಿ ಲೊಚಗುಟ್ಟಿತು. ಅದು ಯಾರ ಪರವಾಗಿ ಲೊಚಗುಟ್ಟಿತೋ ತಿಳಿಯಲಿಲ್ಲ.

ಈಗ ಮೆಹರೂನಳ ವಿಷಯ ಹೇಳಬೇಕು. ಮೆಹರೂನ್ ನಮ್ಮ ಗ್ರಂಥಾಲಯದ ಬಗಲಿನ ಆರೋಗ್ಯ ಕೇಂದ್ರದ ನರ್ಸು. ಅವಳೂ ಆಳಂದದವಳು, ಬೆಳಗಿನ ಬಸ್ಸಿನಲ್ಲಿ ನನ್ನ ಜೊತೆಗೇ ಬರುತ್ತಾಳೆ. ಅವಳ ಗಂಡನದು ತೊಗರಿಯ ವ್ಯಾಪಾರ. ಮೂರು ಮಕ್ಕಳು, ಮಾತಿಗೆ ಮಾತು ಕೊಡುವ ಒಬ್ಬ ಅತ್ತೆ. ಆರೋಗ್ಯ ಕೇಂದ್ರದಲ್ಲಿ ಫಿನಾಯಿಲ್ ವಾಸನೆಗೆ ತುತ್ತು ಇಳಿಯುವುದಿಲ್ಲವೆಂದು ಬಹಳ ಹಿಂದೆ ಒಂದು ದಿನ ಡಬ್ಬಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು, ಅಂದಿನಿಂದ ಮಧ್ಯಾಹ್ನದ ಊಟ ನಮ್ಮಲ್ಲೇ. ನನ್ನ ಸಲುವಾಗಿ ಅವಳ ಡಬ್ಬಿಯಲ್ಲಿ ರೊಟ್ಟಿಗೆ ಪಲ್ಯ, ಹಿಂಡಿಯ ಚಟ್ನಿ ಮಾತ್ರ ಇರುತ್ತದೆ. ರಂಜಾನಿನಲ್ಲಿ ಅವಳಿಗೆ ರೋಜಾ ಉಪವಾಸ, ಆದರೂ ಬರುತ್ತಾಳೆ, ನಾನು ಉಣ್ಣುವುದನ್ನು ನೋಡುತ್ತ ಕೂರುತ್ತಾಳೆ. ಒಂದು ವರ್ಷ ನಾಚಿಕೆಯಾಗಿ ನಾನೂ ಡಬ್ಬಿ ತೆರೆಯದೆ ಇದ್ದೆ. ನಿನ್ನ ದೇವರಿಗೆ ನೀನು ಏನು ಹೇಳಿದ್ದೀಯೋ ಅದನ್ನು ಮಾಡು, ನನ್ನ ಪುಣ್ಯದಲ್ಲಿ ಪಾಲು ಕೇಳಬೇಡ ಎಂದು ಬೈದು ಉಣಿಸಿದಳು. ಭಾನುವಾರ ಅವಳು ಬರುವುದಿಲ್ಲ. ಭಾನುವಾರ ಆಳಂದದ ನನ್ನ ಬಾಡಿಗೆ ಮನೆಯಲ್ಲಿ ನಾನು ಏನು ಉಂಡೆ ಎಂದು ಕೇಳಿದರೆ ನನಗೆ ನೆನಪಿರುವುದಿಲ್ಲ.

ಧಾರಾವಾಹಿ ಬರೆಯುವವಳು ನಾನೇ ಎಂದು ಅವಳೊಬ್ಬಳಿಗೆ ಹೇಳಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಓದುತ್ತಿದ್ದಳು, ನಾನು ಕಿಟಕಿಯಾಚೆ ತೊಗರಿ ಹೊಲಗಳನ್ನು ಎಂದೂ ಕಾಣದವಳಂತೆ ನೋಡುತ್ತಿದ್ದೆ. ಆದರೆ ಆ ಮೂರು ಇಲ್ಲಗಳನ್ನು ಅವಳಿಗೆ ಹೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ನಾನು ಹೀಗೆ ಎಂದು ತಿಳಿದ ಮೇಲೂ ಪಕ್ಕದಲ್ಲಿ ಕೂತು ಉಣ್ಣುವ ಒಬ್ಬರು. ಹೇಳಿದರೆ ಅವಳು ಎದ್ದು ಹೋದಾಳು ಎಂಬ ಭಯವಿತ್ತು. ಹೇಳದಿದ್ದರೆ ಅವಳು ಪಕ್ಕದಲ್ಲಿ ಕೂತಿದ್ದರೂ ನನ್ನ ಪಕ್ಕದಲ್ಲಿ ಕೂತಂತೆ ಆಗುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ರೊಟ್ಟಿ ಮುರಿದುಕೊಂಡು ಕೂತಿದ್ದೆ.

ನಾನು ಹೇಳದಿದ್ದರೇನಂತೆ, ಅವಳು ತಾನಾಗಿಯೇ ಕಂಡುಹಿಡಿದಳು. ಕಂಡುಹಿಡಿದದ್ದು ಪೂರಾ ತಪ್ಪು, ಆದರೆ ಅವಳ ಕಸುಬಿನ ಪ್ರಕಾರ ಸರಿ. ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸರು ಯಾರೂ ತಮ್ಮ ಸಂಕಟವನ್ನು ತಮ್ಮದೆಂದು ಹೇಳುವುದಿಲ್ಲ. ನನಗಲ್ಲರಿ ಸಿಸ್ಟರ್, ಬಾಜೂ ಮನಿಯಾಕಿಗೆ ಹಿಂಗಾಗ್ಯಾದ ಎಂದೇ ಶುರು ಮಾಡುತ್ತಾರೆ. ಮೆಹರೂನ್ ಎಲ್ಲ ಕೇಳಿ, ಗುಳಿಗೆ ಕೊಟ್ಟು, ನೀನು ಇಲ್ಲೇ ನನ್ನ ಮುಂದೆ ನುಂಗು, ಬಾಜೂ ಮನೆಯವಳಿಗೆ ಆರಾಮಾಗುತ್ತದೆ ಎನ್ನುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಈ ಲೆಕ್ಕ ತಪ್ಪಿಲ್ಲವಂತೆ. ಆದ್ದರಿಂದ ಯಾರೇ ಇನ್ನೊಬ್ಬರ ಕಥೆ ಹೇಳಿದರೂ ಅದು ಹೇಳಿದವರದೇ ಎಂಬುದು ಅವಳ ಸಿದ್ಧಾಂತ. ಜೊಂಡು ನಾನು, ಅದನ್ನು ತಿಳಿಯಲು ಅವಳಿಗೆ ಒಂದು ಅಧ್ಯಾಯವೂ ಬೇಕಾಗಲಿಲ್ಲ. ಹಾಗಾದರೆ ಆಮೆ ಯಾರು? ದಿನಾ ಬರುವವನು, ನಿಧಾನ ನಡೆಯುವವನು, ಬೆನ್ನು ಅಗಲ ಇರುವವನು, ಕೂತು ಎದ್ದು ಹೋಗುವವನು. ಸುತ್ತ ನೋಡಿದಳು. ಬಸವಂತರಾಯ ಮಾಸ್ತರು ಸಿಕ್ಕರು.

ಮಾಸ್ತರು ಅಂದೋಲಾದವರು, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಾದನಹಿಪ್ಪರಗಾದ ಮಗಳ ಮನೆಯಲ್ಲಿದ್ದಾರೆ. ದಿನಾ ಬೆಳಗ್ಗೆ ಪೇಪರಿಗೆ ಬರುತ್ತಾರೆ. ಬೆನ್ನು ಅಗಲವೇ, ನಡಿಗೆಯೂ ನಿಧಾನವೇ, ಅದನ್ನು ನಾನೂ ಒಪ್ಪುತ್ತೇನೆ. ಮೆಹರೂನ್ ಅವರನ್ನು ಬಿಪಿ ನೋಡುವ ನೆಪದಲ್ಲಿ ಕರೆದು, ಏನು ಹೇಳಿದಳೋ ದೇವರೇ ಬಲ್ಲ. ಒಂದು ಶುಕ್ರವಾರ ಮಧ್ಯಾಹ್ನ ನಾವು ಡಬ್ಬಿ ಬಿಚ್ಚುವ ಹೊತ್ತಿಗೆ ಮಾಸ್ತರು ನುಣ್ಣಗೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಪೇಡೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತರು. ಮೆಹರೂನಳಿಗೆ ತಟ್ಟನೆ ಪೋಲಿಯೋ ಹನಿ ಹಾಕುವುದು ನೆನಪಾಯಿತು, ಎದ್ದು ಓಡಿದಳು. ಅಂದು ಪೋಲಿಯೋ ಹನಿಯ ದಿನವೇ ಆಗಿರಲಿಲ್ಲ. ಅವಳ ರೊಟ್ಟಿ ಅರ್ಧ ಮುರಿದು ಹಾಗೆಯೇ ಬಿದ್ದಿತ್ತು.

ಮಾಸ್ತರು ಅವಳ ಕುರ್ಚಿಯಲ್ಲಿ ಕೂತರು. ಅವರು ಪೇಡೆಯ ದಾರ ಬಿಚ್ಚುವವರೆಗೆ ನಾನು ನೆಲ ನೋಡಿದೆ. “ಅಕ್ಕಾರ, ಸಿಸ್ಟರ್ ಹೇಳಿದ್ರು, ನೀವು ಕಥಿ ಬರಿಯಾಕತ್ತೀರಂತ, ಅದರಾಗ ನಾ ಆಮಿ ಆಗೇನಂತ,” ಎಂದರು. ಅವರ ಮುಖದಲ್ಲಿ ಸಂಕೋಚವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಮನುಷ್ಯರನ್ನು ಇಷ್ಟು ವರ್ಷದ ಮೇಲೆ ಯಾರೋ ಕಥೆಯಲ್ಲಿ ಹಾಕಿದರೆ ಆಮೆಯಾದರೂ ಆದೀತು ಅನ್ನಿಸುತ್ತದೆ. ನನಗೆ ಇಲ್ಲವೆನ್ನಲು ಬಾಯಿ ಬರದೆ ಫೋನು ತೆಗೆದು ಅಧ್ಯಾಯವನ್ನೇ ಮುಂದಿಟ್ಟೆ. ಅವರು ಫೋನನ್ನು ತೋಳಿನಷ್ಟು ದೂರ ಹಿಡಿದು, ಪೇಪರು ಓದುವ ಹಾಗೆ ದೊಡ್ಡ ದನಿಯಲ್ಲಿ, ಅಲ್ಪವಿರಾಮಕ್ಕೂ ನಿಂತು, ಪೂರ್ತಿ ಓದಿದರು. ಹೊರಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ಕೇಳಿಸಿಕೊಂಡ. ಓದಿ ಮುಗಿಸಿ ಮಾಸ್ತರು ಕನ್ನಡಕ ತೆಗೆದರು.

“ಇದು ನಾ ಅಲ್ರಿ ಅಕ್ಕಾರ. ಈ ಆಮಿ ಒಂದು ಮಾತ ಆಡೂದಿಲ್ಲ. ನಾ ಮಾತಾಡಲಾರದ ಒಂದು ತಾಸು ಕುಂತ್ರ ನಮ್ಮ ಮಗಳು ಡಾಕ್ಟರಿಗೆ ಫೋನ್ ಹಚ್ತಾಳ.”

ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ನಕ್ಕ ಮೇಲೆ ಇಬ್ಬರಿಗೂ ಉಸಿರು ಬಂತು. ಸಿಸ್ಟರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ನನಗೆ ನಮ್ಮಾಕಿ ಒಬ್ಬಳೇ ಸಾಕು, ಹೋಗಿ ಎಷ್ಟೋ ವರ್ಷವಾದರೂ ಇನ್ನೂ ದಿನಾ ಅವಳ ಜೊತೆ ವಾದ ಮುಗಿದಿಲ್ಲ ಎಂದರು. ಮುಂದೆ ಕಥೆಯಲ್ಲಿ ಮಾತಾಡುವ ಗಿಳಿ ಏನಾದರೂ ಬಂದರೆ ನೆನಪಿಡಿ ಎಂದು ಹೇಳಿ, ಪೇಡೆಯನ್ನು ಮೇಜಿನ ಮೇಲೆಯೇ ಬಿಟ್ಟು, ನಿಧಾನಕ್ಕೆ ನಡೆದು ಹೋದರು. ನನ್ನ ಜೀವನದಲ್ಲಿ ನೋಡಲು ಬಂದ ಗಂಡುಗಳಲ್ಲೆಲ್ಲ ಇವರೇ ವಾಸಿ ಅನ್ನಿಸಿತು, ತಾವಾಗಿಯೇ ಬೇಡವೆಂದವರು ಇವರೊಬ್ಬರೇ.

ಮೆಹರೂನ್ ಆರೋಗ್ಯ ಕೇಂದ್ರದ ಬಾಗಿಲಲ್ಲೇ ಕಾಯುತ್ತಿದ್ದಳೋ ಏನೋ, ತಕ್ಷಣ ಬಂದಳು. ಬಂದವಳು ಪೇಡೆಯ ಕಡೆ ನೋಡಿ ಕೆಲಸ ಆಯಿತೆಂದು ತಿಳಿದು ಒಂದನ್ನು ಬಾಯಿಗೆ ಹಾಕಿಕೊಂಡಳು. ನನಗೆ ಸಿಟ್ಟು ಬಂತು. ಓದುಗರು ಆಮೆಯನ್ನು ರಾಜಕುಮಾರ ಮಾಡಲು ಹೊರಟಾಗಲೂ ಬಾರದಷ್ಟು ಸಿಟ್ಟು, ಇವಳೂ ಹಾಗೇ ಮಾಡಿದಳಲ್ಲ ಎಂದು ಬಂತು. ಆ ಸಿಟ್ಟಿನಲ್ಲಿ ಭಯ ಮರೆತುಹೋಯಿತು.

“ಮೆಹರೂನ್, ನನಗ ಯಾರೂ ಬ್ಯಾಡ. ಮಾಸ್ತರೂ ಬ್ಯಾಡ, ಮತ್ತೊಬ್ಬರೂ ಬ್ಯಾಡ. ಯಾರ ಮ್ಯಾಲೂ ನನಗ ಹಂಗ ಮನಸ್ಸ ಆಗಂಗಿಲ್ಲ. ಎಂದೂ ಆಗಿಲ್ಲ.”

ಅವಳು ಪೇಡೆ ನುಂಗಿ, ನರ್ಸಿನ ಮುಖ ಹಾಕಿಕೊಂಡಳು. ಥೈರಾಯ್ಡ್ ತೋರಿಸಿದ್ದೀಯಾ ಎಂದು ಕೇಳಿದಳು. ತೋರಿಸಿದ್ದೇನೆ, ನೆಟ್ಟಗಿದೆ ಎಂದೆ. ರಕ್ತ ಕಡಿಮೆ ಇದ್ದರೂ ಯಾವುದಕ್ಕೂ ಮನಸ್ಸಾಗುವುದಿಲ್ಲ ಎಂದಳು. ನನ್ನ ರಕ್ತವನ್ನು ನೀನೇ ವರ್ಷಾ ವರ್ಷಾ ಪರೀಕ್ಷೆ ಮಾಡುತ್ತೀಯಲ್ಲ ಎಂದೆ. ಆಮೇಲೆ ದನಿ ಇಳಿಸಿ, ಸಣ್ಣವಳಿದ್ದಾಗ ಯಾರಾದರೂ ಏನಾದರೂ ಮಾಡಿದರಾ ಎಂದು ಕೇಳಿದಳು. ಇಲ್ಲ ಎಂದೆ. ಅವಳಿಗೆ ಗೊತ್ತಿದ್ದ ಕಾರಣಗಳೆಲ್ಲ ಮುಗಿದವು. ನಾನು ಹೆಣ್ಣೋ ಅಲ್ಲವೋ ಎಂಬ ವಿಷಯವನ್ನೂ, ಬಸ್ಸಿನ ಸೀಟಿನ ವಿಷಯವನ್ನೂ, ಫೋನು ಹೇಳಿದ ಹೆಸರುಗಳನ್ನೂ ಹೇಳಿದೆ. ಇದು ಜಡ್ಡಲ್ಲ, ಗುಳಿಗೆ ಇಲ್ಲ, ನಾನು ಇರುವುದೇ ಹೀಗೆ ಎಂದೆ. ಅವಳು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಳು. ಎದ್ದು ಹೋಗಲಿಲ್ಲ.

“ಹಂಗಾರ ಆಮಿ ಯಾರು ಬೇ?”

“ನೀನ.”

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಎದ್ದು ಕಪಾಟಿನ ಗಾಜಿನ ಮುಂದೆ ನಿಂತು, ಕುತ್ತಿಗೆ ಹೊರಳಿಸಿ ತನ್ನ ಬೆನ್ನು ನೋಡಿಕೊಂಡಳು. ಇಷ್ಟು ಅಗಲ ಇದೆಯಾ ಎಂದು ಕೇಳಿದಳು. ಅದು ಬೆನ್ನಿನ ಮಾತಲ್ಲ, ದಿನಾ ಬಂದು ಅರ್ಧ ಕೊಟ್ಟು ಕೂರುವುದರ ಮಾತು ಎಂದೆ. ಅವಳ ಕಣ್ಣು ತೇವವಾಯಿತು. ಇಷ್ಟು ದಿನ ಬಸ್ಸಿನಲ್ಲಿ ನನ್ನ ಕಥೆಯನ್ನೇ ನಾನು ಓದಿಕೊಂಡು ಯಾವನೋ ಗಂಡಸನ್ನು ಹುಡುಕುತ್ತಿದ್ದೆನಲ್ಲ ಎಂದು ನಕ್ಕಳು. ನನಗೆ ಗೆದ್ದಷ್ಟು ಸಂತೋಷವಾಯಿತು. ಇನ್ನೇನು ಅಧ್ಯಾಯ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅವಳು ಕೂತು, ನಗು ನಿಲ್ಲಿಸಿ, ಒಂದು ಪ್ರಶ್ನೆ ಕೇಳಿದಳು.

“ಖರೇ ಹೇಳು. ಉಂಡಮ್ಯಾಲ ಆ ಆಮಿ ಎಲ್ಲಿ ಹೋಗ್ತದ?”

ನೀರಿಗೆ ಎಂದೆ. ನೀರಿನಲ್ಲಿ ಯಾರಿದ್ದಾರೆ ಎಂದಳು. ಅಷ್ಟು ಅಧ್ಯಾಯ ಬರೆದಿದ್ದೆ, ಪತಂಗರಾಜನ ಅರಮನೆಯ ಕಂಬಗಳ ಕೆತ್ತನೆಯನ್ನೂ ಬಿಟ್ಟಿರಲಿಲ್ಲ, ಆಮೆಯ ಮನೆಯನ್ನು ಒಂದು ಸಾಲಿನಲ್ಲೂ ಬರೆದಿರಲಿಲ್ಲ.

“ನಮ್ಮವ್ರು ಎಲ್ಲಿ? ಹುಡುಗರು ಎಲ್ಲಿ? ನಮ್ಮತ್ತಿನೂ ಬ್ಯಾಡಾದಳೇನ್ ನಿನಗ? ನಾ ನಿನ್ನ ಜೋಡಿ ಉಣ್ಣಾಕ ಬರ್ತೇನಿ ಶರಣಮ್ಮ. ಎಲ್ಲಾ ಬಿಟ್ಟು ಬಂದಿಲ್ಲ.”

ಅವಳು ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ನಮ್ಮ ಜನ ಕಂಡದ್ದಕ್ಕೆಲ್ಲ ಲಗ್ನ ಮಾಡುತ್ತಾರೆ ಎಂದು ಇಷ್ಟು ಹೊತ್ತು ಆಡಿಕೊಂಡೆನಲ್ಲ, ನಾನು ಮಾಡಿದ್ದು ಇನ್ನೂ ದೊಡ್ಡದು. ಗಂಡ, ಮೂರು ಮಕ್ಕಳು, ಅತ್ತೆ ಸಹಿತ ಒಂದು ತುಂಬಿದ ಮನೆಯನ್ನು ಸದ್ದಿಲ್ಲದೆ ಅಳಿಸಿ, ಅವಳನ್ನು ನನ್ನ ಊಟದ ಹೊತ್ತಿಗೆ ಮಾತ್ರ ನೀರಿನಿಂದ ಎತ್ತಿಕೊಳ್ಳುತ್ತಿದ್ದೆ. ಜನರಾದರೂ ಊರಿಗೆಲ್ಲ ಹೇಳಿ, ವಾಲಗ ಊದಿಸಿ ಮಾಡುತ್ತಾರೆ. ಇಷ್ಟಾದರೂ ಮೆಹರೂನ್ ಎದ್ದು ಹೋಗಲಿಲ್ಲ. ಮಧ್ಯಾಹ್ನ ಮೀರುತ್ತಿದೆ ಎಂದು ಅರ್ಧ ರೊಟ್ಟಿ ಮುಗಿಸಿದಳು, ನಾಳೆ ಪುಂಡಿಪಲ್ಯ ತರುತ್ತೇನೆ ಎಂದಳು, ಮಾಸ್ತರರ ಪೇಡೆಯಲ್ಲಿ ನಾಲ್ಕನ್ನು ಮಕ್ಕಳಿಗೆಂದು ಕಟ್ಟಿಕೊಂಡಳು. ಸಂಜೆ ಆಳಂದದಲ್ಲಿ ಬಸ್ಸಿಳಿದಾಗ ಅವಳ ಗಂಡ ಬೈಕು ಹಿಡಿದು ನಿಂತಿದ್ದರು. ದಿನಾ ನಿಂತಿರುತ್ತಾರೆ. ನಾನು ಅಂದು ಮೊದಲ ಸಲ ಅವರನ್ನು ಸರಿಯಾಗಿ ನೋಡಿದೆ. ಅವಳು ಹಿಂದೆ ಕೂತು ಹೋದ ಮೇಲೆ ನಾನು ನನ್ನ ಮನೆಯ ಹಾದಿ ಹಿಡಿದೆ.

ಮುಂದಿನ ಅಧ್ಯಾಯದಲ್ಲಿ ಹಿರೇಬೆನ್ನಿಗೆ ಒಂದು ಮನೆ ಕೊಟ್ಟೆ. ನೀರಿನ ತಳದಲ್ಲಿ ಗಂಡ ಆಮೆ, ಮೂರು ಮರಿಗಳು, ಮರಿಗಳಿಗಿಂತ ಹಟಮಾರಿಯಾದ ಒಂದು ಮುದಿ ಆಮೆ. ಊಟವಾದ ಮೇಲೆ ಹಿರೇಬೆನ್ನು ಆ ಮನೆಗೆ ಇಳಿದು ಹೋಯಿತು. ಜೊಂಡು ದಂಡೆಯಲ್ಲಿ ಉಳಿಯಿತು. ಅಲ್ಲಿಂದ ಮುಂದೆ ಪತಂಗಗಳ ಯುದ್ಧಕ್ಕೆ ಓಡುವುದು ನನ್ನ ಪದ್ಧತಿ. ಈ ಸಲ ಓಡದೆ ಅದನ್ನು ಅಲ್ಲೇ ಕೂರಿಸಿದೆ. ಜೊಂಡು ಎದ್ದು ರೊಟ್ಟಿಯ ಬಟ್ಟೆ ಕೊಡವಿತು, ಒಂದೇ ತಟ್ಟೆ ತೊಳೆಯಿತು, ಯಾರೂ ಕೇಳದಿದ್ದರೂ ಇಂದು ಬಹಳ ಸೆಖೆ ಎಂದು ಹೇಳಿತು. ಜೊಂಡಿಗೆ ಯಾರ ಆಸೆಯೂ ಇಲ್ಲ, ಆದರೂ ಬೇಜಾರಿದೆ, ಈ ಎರಡೂ ಒಟ್ಟಿಗೆ ಇರಬಹುದು ಎಂದು ಬರೆದೆ. ಇದನ್ನು ಬರೆಯಲು ನಾನು ಏನನ್ನೂ ಕಲ್ಪಿಸಿಕೊಳ್ಳಬೇಕಾಗಲಿಲ್ಲ.

ಮೆಹರೂನ್ ಬಸ್ಸಿನಲ್ಲಿ ಓದಿದಳು. ಅತ್ತೆ ಆಮೆ ಚೆನ್ನಾಗಿ ಬಂದಿದೆ ಎಂದಳು. ಜೊಂಡಿನ ಭಾಗಕ್ಕೆ ಬಂದಾಗ ನನ್ನ ಮೊಣಕೈಗೆ ತನ್ನ ಮೊಣಕೈ ತಾಗಿಸಿ ಕೂತಳು. ಓದುಗರಿಗೆ ಮಾತ್ರ ನಿರಾಸೆಯಾಯಿತು. ಆಮೆಗೆ ಮೊದಲೇ ಗಂಡನಿದ್ದರೆ ಇಷ್ಟು ದಿನ ನಮಗೇಕೆ ಹೇಳಲಿಲ್ಲ ಎಂದು ಜಗಳಕ್ಕೆ ಬಂದರು, ಕೆಲವರು ಓದುವುದನ್ನೇ ಬಿಟ್ಟರು, ಉಳಿದವರು ಆಮೆಗೆ ಮೈದುನ ಯಾರಾದರೂ ಇದ್ದಾನೆಯೇ ಎಂದು ವಿಚಾರಿಸಿದರು. ಈ ಗದ್ದಲದ ನಡುವೆ ಎಂದೂ ಕಾಣದ ಒಂದು ಹೆಸರಿನಿಂದ ಒಂದೇ ಸಾಲು ಬಂತು: ನಾನೂ ಜೊಂಡು.

ಮಧ್ಯಾಹ್ನ ಗ್ರಂಥಾಲಯದಲ್ಲಿ ಅದನ್ನು ಎರಡೆರಡು ಸಲ ಓದಿದೆ. ನಾನೇ ಬರೆದು ಹುಟ್ಟಿಸದೆ ಸಿಕ್ಕ, ನನ್ನಂಥ ಮೊದಲನೆಯವರು. ಎಲ್ಲೋ ಒಂದು ಊರಿನಲ್ಲಿ ಒಂದೇ ತಟ್ಟೆ ತೊಳೆದಿಟ್ಟು ಇದನ್ನು ಬರೆದಿದ್ದಾರೆ. ಏನು ಉತ್ತರ ಬರೆಯಲಿ ಎಂದು ಯೋಚಿಸಲೂ ಇಲ್ಲ, ಬೆರಳು ತಾನೇ ಓಡಿತು. ಕಳಿಸಿಯೂ ಬಿಟ್ಟೆ. ಆಮೇಲೆ ಪುಂಡಿಪಲ್ಯದ ಡಬ್ಬಿ ತೆರೆಯುತ್ತಿದ್ದ ಮೆಹರೂನಳಿಗೆ ಫೋನು ತೋರಿಸಿದೆ. ಅವಳು ನಾನು ಬರೆದದ್ದನ್ನು ಓದಿದಳು: ನಿಮ್ಮ ಊರು ಯಾವುದು? ವಯಸ್ಸೆಷ್ಟು? ಏನು ಕೆಲಸ, ಖಾಯಂ ಇದೆಯಾ? ಮನೆಯಲ್ಲಿ ಯಾರ್ಯಾರಿದ್ದಾರೆ? ನೀವು ಯಾರ ಪೈಕಿ?

“ಕುಂಡಲಿ ಒಂದ ಕೇಳಿಲ್ಲ ನೋಡು,” ಎಂದಳು ಮೆಹರೂನ್.

ಅಳಿಸಲು ಹೋದೆ, ಆ ಕಡೆಯವರು ಅಷ್ಟರಲ್ಲಿ ಓದಿಯಾಗಿತ್ತು. ದಿನಾ ತೆಗೆದು ನೋಡುತ್ತೇನೆ, ಇದುವರೆಗೂ ಉತ್ತರ ಬಂದಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ.